ಮೋಬಿಯಸ್, ಸಿಎಂಟಿ ಇರುವವರಿಗೆ ಸ್ಲೀಪ್ ಲ್ಯಾಬ್: ಕೊಟ್ಟ ದುಡ್ಡಿಗೆ ಸರಿಯಾದ ಉತ್ತರ ಸಿಗುತ್ತದೆಯೇ?

ಹಗಲೆಲ್ಲ ತೂಕಡಿಸುವವರಿಗೆ ಸ್ಲೀಪ್ ಲ್ಯಾಬ್‌ಗಳಲ್ಲಿ ಸಿಗುವ ತಪಾಸಣೆ ಮುಖ್ಯವಾಗಿ ಮೂರು: ನಿದ್ದೆಯಲ್ಲಿನ ಉಸಿರು ಅಳೆಯಲು ಮನೆಗೆ ಕೊಟ್ಟು ಕಳಿಸುವ ಕಿಟ್, ಲ್ಯಾಬಿನಲ್ಲೇ ಒಂದು ರಾತ್ರಿ ಮಲಗಿಸಿ ಮಾಡುವ ಪಾಲಿಸಾಮ್ನೋಗ್ರಫಿ (ಮೈಗೆ ತಂತಿ ಅಂಟಿಸಿ ನಿದ್ದೆ, ಉಸಿರು, ಸ್ನಾಯುಗಳನ್ನು ಅಳೆಯುವ ಪರೀಕ್ಷೆ), ಎಷ್ಟು ಬೇಗ ನಿದ್ದೆ ಹತ್ತುತ್ತದೆಂದು ನೋಡಲು ಅದರ ಮರುದಿನ ಹಗಲಲ್ಲಿ ಮಾಡುವ ಎಂಎಸ್‌ಎಲ್‌ಟಿ. ಗೊರಕೆಯೊಂದನ್ನು ಬಿಟ್ಟರೆ ಆರೋಗ್ಯವಾಗಿರುವ ವಯಸ್ಕರಿಗೆ ಎಷ್ಟೋ ಸಲ ಕಿಟ್ಟೇ ಸಾಕಾಗುತ್ತದೆ. ಆದರೆ ಹುಟ್ಟಿನಿಂದಲೇ ಮುಖದ ನರ ಮತ್ತು ಕಣ್ಣನ್ನು ಹೊರಗೆ ತಿರುಗಿಸುವ ನರ ಕೆಲಸ ಮಾಡದ ಮೋಬಿಯಸ್ ಸಿಂಡ್ರೋಮ್‌ನಲ್ಲಿ, ಕೈಕಾಲಿನ ನರಗಳು ವರ್ಷ ಕಳೆದಂತೆ ಸೊರಗುವ ಆನುವಂಶಿಕ ಕಾಯಿಲೆ ಸಿಎಂಟಿಯಲ್ಲಿ (ಶಾರ್ಕೋ-ಮೇರಿ-ಟೂತ್) ಲೆಕ್ಕವೇ ಬೇರೆ. ಲ್ಯಾಬಿನ ತಂತಿಗಳು ಯಾವ ನರಗಳನ್ನು ನಂಬಿ ನಿದ್ದೆಯನ್ನು ಅಳೆಯುತ್ತವೋ, ಇವರಲ್ಲಿ ಕೆಟ್ಟಿರುವುದು ಅವೇ.

ಮೊದಲು ಮನೆ ಕಿಟ್. ಇವರಿಗೆ ಇದು ಬೇಡವೇ ಬೇಡ. ಮೂಗಿನ ಗಾಳಿ, ಎದೆಯ ಬೆಲ್ಟ್, ಬೆರಳಿನ ಆಕ್ಸಿಮೀಟರ್ ಇಷ್ಟೇ ಅದರಲ್ಲಿರುವುದು. ಮಿದುಳಿನ ಅಲೆ ಅಳೆಯುವುದಿಲ್ಲವಾದ್ದರಿಂದ ಎಚ್ಚರವಾಗಿ ಹೊರಳಾಡಿದ ಹೊತ್ತೂ ನಿದ್ದೆಯ ಲೆಕ್ಕಕ್ಕೆ ಸೇರಿ, ಗಂಟೆಗೆ ಎಷ್ಟು ಸಲ ಉಸಿರುಗಟ್ಟಿತು ಎಂಬ ಸಂಖ್ಯೆ ಕಡಿಮೆ ಬರುತ್ತದೆ. ಬಾಯಿ ಪೂರ್ತಿ ಮುಚ್ಚಲಾಗದ ಮೋಬಿಯಸ್ ಇರುವವರು ಬಾಯಲ್ಲಿ ಉಸಿರಾಡಿದರೆ ಮೂಗಿನ ನಳಿಕೆಗೆ ಅದು ಗೊತ್ತೇ ಆಗುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಅಳತೆಯಂತೂ ಇಲ್ಲ. ನರ-ಸ್ನಾಯು ಕಾಯಿಲೆಯಿಂದ ಉಸಿರಾಟದ ಸ್ನಾಯು ಸೋತಿರಬಹುದಾದವರಿಗೆ ಮನೆ ಪರೀಕ್ಷೆ ಬಿಟ್ಟು ಪಾಲಿಸಾಮ್ನೋಗ್ರಫಿಯನ್ನೇ ಮಾಡಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್‌ನ 2017ರ ಮಾರ್ಗಸೂಚಿಯೂ ಹೇಳುತ್ತದೆ.

ಲ್ಯಾಬಿಗೆ ಹೋದ ಕೂಡಲೇ ಕೈಗೆ ಬರುವ ಕಾಗದ ಎಪ್ವರ್ತ್ ಪ್ರಶ್ನಾವಳಿ. 8 ಪ್ರಶ್ನೆ, ಒಟ್ಟು 24 ಅಂಕ, 10 ದಾಟಿದರೆ ತೂಕಡಿಕೆ ಹೆಚ್ಚೆಂದು ಅರ್ಥ. ಎರಡು ಪ್ರಶ್ನೆಗಳು ಕಾರಿನ ಬಗ್ಗೆ ಇವೆ. ಕಾರು ಹತ್ತದವರು ಬಸ್ಸಿನ ಪ್ರಯಾಣವನ್ನು ನೆನೆದು ಉತ್ತರಿಸಿ, ಹಾಗೆ ಮಾಡಿದ್ದೇವೆಂದು ಪಕ್ಕದಲ್ಲಿ ಬರೆಯುವುದು ಒಳ್ಳೆಯದು. ಇಲ್ಲಿ ಆಗುವ ದೊಡ್ಡ ತಪ್ಪು ಸುಸ್ತನ್ನೂ ತೂಕಡಿಕೆಯನ್ನೂ ಬೆರೆಸುವುದು. ಸಿಎಂಟಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು ಮಲಗಬೇಕೆನಿಸುತ್ತದೆ, ಆದರೆ ಮಲಗಿದರೆ ನಿದ್ದೆ ಬಾರದು, ಅದು ಸುಸ್ತು. ಮಾತಿನ ನಡುವೆಯೇ ಕಣ್ಣು ಕೂರುವುದು ತೂಕಡಿಕೆ. ಮೋಬಿಯಸ್‌ನಲ್ಲಿ ಮುಖದಲ್ಲಿ ಭಾವ ಕಾಣದ ಕಾರಣ ಎಚ್ಚರವಾಗಿರುವ ಮಗುವನ್ನೂ ‘ನಿದ್ದೆಗಣ್ಣು’ ಎಂದುಬಿಡುತ್ತಾರೆ. ಮನೆಯವರ ಹೇಳಿಕೆಯನ್ನು ಆ ಎಚ್ಚರಿಕೆಯಿಂದಲೇ ಓದಬೇಕು.

ಇನ್ನು ರಾತ್ರಿಯ ಪರೀಕ್ಷೆ. ದುಡ್ಡು ಸಾರ್ಥಕವಾಗುವುದೂ ಇಲ್ಲೇ, ದಂಡವಾಗುವುದೂ ಇಲ್ಲೇ.

ಕನಸಿನ ನಿದ್ದೆಯನ್ನು, ಅಂದರೆ ರೆಮ್ ಅನ್ನು, ಗುರುತಿಸಲು ಮೂರು ಸಂಗತಿ ನೋಡುತ್ತಾರೆ: ಮಿದುಳಿನ ಅಲೆ, ಕಣ್ಣಿನ ವೇಗದ ಚಲನೆ, ಗದ್ದದ ಸ್ನಾಯು ಸಡಿಲವಾಗುವುದು. ಮೋಬಿಯಸ್‌ನಲ್ಲಿ ಕಣ್ಣು ಅಡ್ಡಡ್ಡ ಚಲಿಸದು, ಹಾಗಾಗಿ ರೆಮ್ ಇದ್ದರೂ ಕಣ್ಣಿನ ಚಲನೆಯನ್ನು ದಾಖಲಿಸುವ ಗೆರೆ ಚಪ್ಪಟೆಯಾಗಿರಬಹುದು. ಗದ್ದದ ಮೆಂಟಾಲಿಸ್ ಸ್ನಾಯುವಿಗೆ ಹೋಗುವುದು ಮುಖದ ನರವೇ ಆದ್ದರಿಂದ ಎಚ್ಚರದಲ್ಲೂ ಅದು ಸಡಿಲವಾಗಿ ಕಾಣಬಹುದು. ಒಂದು ದೋಷ ರೆಮ್ ಅನ್ನು ಮರೆಮಾಡುತ್ತದೆ, ಇನ್ನೊಂದು ಇಲ್ಲದ ರೆಮ್ ಅನ್ನು ತೋರಿಸುತ್ತದೆ. ಪರಿಹಾರ ಕಷ್ಟದ್ದಲ್ಲ. ಎರಡೂ ಕಣ್ಣಿನ ಹೊರತುದಿಯಿಂದ 1 ಸೆಂ.ಮೀ. ಕೆಳಗೆ, 1 ಸೆಂ.ಮೀ. ಹೊರಗೆ ಎಲೆಕ್ಟ್ರೋಡ್ (ತಂತಿಯ ತುದಿಯ ಬಿಲ್ಲೆ) ಅಂಟಿಸಿ ಹಣೆಯ ನಡುವಿನದಕ್ಕೆ ಹೋಲಿಸಿದರೆ, ಸಾಮಾನ್ಯವಾಗಿ ಉಳಿದಿರುವ ಮೇಲೆ-ಕೆಳಗಿನ ಚಲನೆ ಚೆನ್ನಾಗಿ ಸಿಗುತ್ತದೆ. ದವಡೆಯ ಅಂಚಿನಿಂದ 2 ಸೆಂ.ಮೀ. ಕೆಳಗಿನ ಜೋಡಿ ಎಲೆಕ್ಟ್ರೋಡ್ ಬಳಸಿದರೆ ಬೇರೆ ನರಕ್ಕೆ, ಐದನೆಯ ಕಪಾಲ ನರಕ್ಕೆ, ಸೇರಿದ ಸ್ನಾಯುಗಳು ಓದಿಗೆ ಬರುತ್ತವೆ. ಮಲಗುವ ಮುನ್ನ ಕಣ್ಣು ಮೇಲೆ ಕೆಳಗೆ ಆಡಿಸಿ, ಹಲ್ಲು ಕಚ್ಚಿಸಿ ಗೆರೆ ಅಲ್ಲಾಡುತ್ತದೆಯೇ ಎಂದು ಟೆಕ್ನಿಷಿಯನ್ ನೋಡಿಕೊಳ್ಳಲೇಬೇಕು. ನಿದ್ದೆಯಲ್ಲಿ ರೆಪ್ಪೆ ಮುಚ್ಚದವರು ತಮ್ಮ ಕಣ್ಣಿನ ಮುಲಾಮು ಒಯ್ಯಬೇಕು. ಕಣ್ಣು ಒಣಗಿ ಉರಿದರೆ ಆ ರಾತ್ರಿಯ ನಿದ್ದೆಯೇ ಹಾಳು.

ಸಿಎಂಟಿಯಲ್ಲಿ ತೊಂದರೆ ಕಾಲಿನದು. ನಿದ್ದೆಯಲ್ಲಿ ಕಾಲು ಪದೇಪದೇ ಎಳೆಯುವುದನ್ನು ಮೊಣಕಾಲಿನ ಕೆಳಗೆ ಮುಂಭಾಗದಲ್ಲಿರುವ ಸ್ನಾಯುವಿನಿಂದ ಎಣಿಸುತ್ತಾರೆ. ಮೊದಲು ಸೊರಗುವ ಸ್ನಾಯುಗಳಲ್ಲಿ ಅದೂ ಒಂದು. ಹೀಗಾಗಿ ವರದಿಯಲ್ಲಿ ‘ಸೊನ್ನೆ’ ಎಂದಿದ್ದರೆ ನಂಬುವ ಹಾಗಿಲ್ಲ; ತೊಡೆಗೂ ಒಂದು ಜೋಡಿ ಅಂಟಿಸಿ ವಿಡಿಯೊ ಜೊತೆ ತಾಳೆ ನೋಡಬೇಕು. ಬೆರಳು ತಣ್ಣಗಿದ್ದರೆ ಆಕ್ಸಿಮೀಟರನ್ನು ಕಿವಿಗೆ ಹಾಕಿಸಿಕೊಳ್ಳಿ.

ಬುಕ್ ಮಾಡುವ ಮುಂಚೆ ಕೇಳಲೇಬೇಕಾದ ಪ್ರಶ್ನೆ: ಇಡೀ ರಾತ್ರಿ ಚರ್ಮದ ಮೇಲಿನಿಂದ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತೀರಾ? ಇಲ್ಲ ಎಂದರೆ ಬೇರೆ ಲ್ಯಾಬ್ ನೋಡಿ. ವಪೆಯ (ಎದೆ-ಹೊಟ್ಟೆಯ ನಡುವೆ ಇದ್ದು ಉಸಿರೆಳೆಯುವ ಸ್ನಾಯುವಿನ) ನರ ಸೋತವರಲ್ಲಿ ಉಸಿರು ನಿಲ್ಲದೆಯೇ ಮೇಲುಮೇಲಾಗಿ ಆಡುತ್ತಿರುತ್ತದೆ, ಉಸಿರುಗಟ್ಟುವಿಕೆಯ ಸಂಖ್ಯೆ ಸಹಜವಾಗಿಯೇ ಕಾಣಬಹುದು. ವಯಸ್ಕರಲ್ಲಿ ಕಾರ್ಬನ್ ಡೈಆಕ್ಸೈಡ್ 10 ನಿಮಿಷ ಅಥವಾ ಅದಕ್ಕೂ ಹೆಚ್ಚು ಹೊತ್ತು 55 ಮಿ.ಮೀ. ಪಾದರಸ ಮೀರಿದರೆ, ಅಥವಾ ಎಚ್ಚರದಲ್ಲಿದ್ದದ್ದಕ್ಕಿಂತ 10 ಏರಿ 50 ದಾಟಿ ಅಷ್ಟೇ ಹೊತ್ತು ನಿಂತರೆ ಅದು ಹೈಪೊವೆಂಟಿಲೇಶನ್, ಅಂದರೆ ಸಾಲದ ಉಸಿರಾಟ. ಬೆಳಗಿನ ತಲೆನೋವು, ಅಂಗಾತ ಮಲಗಿದರೆ ಏದುಸಿರು ಇದ್ದರೆ ಇದರ ಶಂಕೆ ಗಟ್ಟಿ. ಇಂಥವರಿಗೆ ಬರೀ ಆಕ್ಸಿಜನ್ ಕೊಟ್ಟು ಕಳಿಸುವುದು ಅಪಾಯ, ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು. ಸಾಮಾನ್ಯವಾಗಿ ಬೇಕಾಗುವುದು ಬೈಪ್ಯಾಪ್, ಅಂದರೆ ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಾಟಕ್ಕೆ ನೆರವಾಗುವ ಯಂತ್ರ.

ಹಗಲಿನ ಎಂಎಸ್‌ಎಲ್‌ಟಿ ಎಲ್ಲರಿಗೂ ಬೇಕಿಲ್ಲ. ರಾತ್ರಿಯ ಉಸಿರಾಟ ಸರಿಯಿದ್ದೂ ತೂಕಡಿಕೆ ಉಳಿದರೆ ಮಾತ್ರ ಮಾಡಿಸಿ. 2 ಗಂಟೆಗೊಮ್ಮೆ, ಒಟ್ಟು 5 ಸಲ ಮಲಗಿಸುತ್ತಾರೆ; ಪ್ರತಿ ಸಲ ನಿದ್ದೆ ಹತ್ತಲು 20 ನಿಮಿಷ ಅವಕಾಶ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, 2 ಸಲ ಬೇಗ ರೆಮ್ ಬಂದರೆ ನಾರ್ಕೊಲೆಪ್ಸಿಯ (ಹಗಲಲ್ಲಿ ತಡೆಯಲಾಗದ ನಿದ್ದೆ ಬರುವ ಕಾಯಿಲೆಯ) ಕಡೆ ಬೊಟ್ಟು. ಹಿಂದಿನ ರಾತ್ರಿ ಕನಿಷ್ಠ 6 ಗಂಟೆ ನಿದ್ದೆಯಾಗಿರಬೇಕು, ಅದಕ್ಕೂ ಮುಂಚಿನ ಒಂದೆರಡು ವಾರದ ನಿದ್ದೆಯ ದಿನಚರಿ ಇರಬೇಕು, ಆ ದಿನ ಕಾಫಿ, ಟೀ ಇಲ್ಲ. ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ರೆಮ್ ಅನ್ನು ಅದುಮುತ್ತದೆ, ಪ್ರಿಗಾಬಲಿನ್ ತಾನೇ ತೂಕಡಿಕೆ ತರುತ್ತದೆ. ಅಮಿಟ್ರಿಪ್ಟಿಲಿನ್‌ನಂಥವನ್ನು ಸಾಮಾನ್ಯವಾಗಿ 2 ವಾರ ಮುಂಚೆ ನಿಲ್ಲಿಸಿರಬೇಕು, ಆದರೆ ತಾವಾಗಿ ಅಲ್ಲ. ವೈದ್ಯರು ಹೇಳಿದಂತೆ ಕ್ರಮೇಣ ಇಳಿಸಿ.

ವರದಿ ಕೈಗೆ ಬಂದಾಗ ಕೊನೆಯ ಪುಟದ ತೀರ್ಮಾನಕ್ಕಿಂತ ಮೊದಲು ಕಣ್ಣು, ಗದ್ದ, ಕಾಲಿನ ಎಲೆಕ್ಟ್ರೋಡ್‌ಗಳನ್ನು ಎಲ್ಲೆಲ್ಲಿ ಅಂಟಿಸಿದ್ದರು ಎಂದು ಬರೆದಿದೆಯೇ ನೋಡಿ. ಬರೆದಿರದಿದ್ದರೆ ಮೂಲ ದಾಖಲೆಯನ್ನೇ ಪ್ರತಿ ಮಾಡಿಸಿಕೊಂಡು ನಿಮ್ಮ ನರರೋಗ ತಜ್ಞರಿಗೆ ತೋರಿಸಿ.