ಮಲಗಿದವರನ್ನು ಎಬ್ಬಿಸದೆ ಮಾತಾಡಲು: ದೂರದ ಗೆಳೆಯರ ಗುಂಪಿಗೆ ಟೆಲಿಗ್ರಾಂ ಹೇಗಿದೆ?

ಟೆಲಿಗ್ರಾಂ ಅನ್ನುವ ಮೆಸೇಜ್ ಆ್ಯಪ್ ಬಗ್ಗೆ ಬರೆಯುವವರು ಹೆಚ್ಚಾಗಿ ಲಕ್ಷಾಂತರ ಜನರ ಚಾನೆಲ್‌ಗಳ ಬಗ್ಗೆ, ಭಾರಿ ಫೈಲ್ ಕಳಿಸುವ ಅನುಕೂಲದ ಬಗ್ಗೆ ಬರೆಯುತ್ತಾರೆ. ನನಗೆ ಅದೆಲ್ಲ ಅಷ್ಟು ಬೇಕಾಗಿಲ್ಲ. ನಾವು ಐದು ಜನ. ಗಿಡ ಬೆಳೆಸುವ ಆಸೆಯಿಂದ ಆನ್‌ಲೈನ್‌ನಲ್ಲಿ ಪರಿಚಯವಾದವರು. ಐದು ಜನಕ್ಕೂ ಐದು ಬೇರೆ ಗಡಿಯಾರ. ನನಗೆ ಬೆಳಗಾದಾಗ ಒಬ್ಬಳಿಗೆ ಸಂಜೆ, ಇನ್ನೊಬ್ಬನಿಗೆ ನಡುರಾತ್ರಿ. ಆದರೂ ಯಾರ ಕಿಟಕಿಯಲ್ಲಿ ಯಾವ ಗಿಡ ಚಿಗುರಿದೆ, ಯಾರಿಗೆ ನೆಗಡಿಯಾಗಿದೆ, ಯಾರ ಆಫೀಸಿನಲ್ಲಿ ಇವತ್ತು ರಗಳೆ ಆಯಿತು ಅನ್ನುವುದೆಲ್ಲ ಎಲ್ಲರಿಗೂ ಗೊತ್ತಿರುತ್ತದೆ. ನನಗೆ ಇದು ಬಹಳ ದೊಡ್ಡ ಭಾಗ್ಯ. ಹಾಗಾಗಿ ಈ ಆ್ಯಪ್ ಅನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತಿದ್ದೇನೆ. ಒಂದೇ ಹೊತ್ತಿಗೆ ಎಚ್ಚರವಿರದ ಗೆಳೆಯರು ದಿನನಿತ್ಯದ ಬದುಕನ್ನು ಹಂಚಿಕೊಳ್ಳಲು ಇದು ಎಷ್ಟು ನೆರವಾಗುತ್ತದೆ?

ಮೊದಲು ನನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಹೇಳುತ್ತೇನೆ. ಮೆಸೇಜ್ ಬರೆದ ಮೇಲೆ ಕಳಿಸುವ ಬಟನ್ ಅನ್ನು ಒತ್ತಿ ಹಿಡಿದರೆ 'ಸೆಂಡ್ ವಿತೌಟ್ ಸೌಂಡ್' ಅಂತ ಒಂದು ಆಯ್ಕೆ ಬರುತ್ತದೆ. ಅದನ್ನು ಆರಿಸಿದರೆ ಮೆಸೇಜ್ ಹೋಗುತ್ತದೆ, ನೋಟಿಫಿಕೇಶನ್ ಕೂಡ ಹೋಗುತ್ತದೆ, ಆದರೆ ಅವರ ಫೋನ್ ಸದ್ದು ಮಾಡುವುದಿಲ್ಲ. 2019ರಲ್ಲಿ ಬಂದ ಸೌಲಭ್ಯ ಇದು. ಬಹಳ ಜನ ಇದನ್ನು ಗಮನಿಸಿಯೇ ಇಲ್ಲ. ಗುಂಪಿನಲ್ಲೂ ನಡೆಯುತ್ತದೆ, ಒಬ್ಬರಿಗೆ ಕಳಿಸುವಾಗಲೂ ನಡೆಯುತ್ತದೆ.

ಇದರಲ್ಲಿ ಏನು ವಿಶೇಷ, ಫೋನ್ ಸೈಲೆಂಟ್ ಮಾಡಿ ಮಲಗಿದರೆ ಆಯಿತಲ್ಲ ಅನ್ನಬಹುದು. ಎಲ್ಲರಿಗೂ ಅದು ಸಾಧ್ಯವಿಲ್ಲ. ನಮ್ಮ ಗುಂಪಿನ ಒಬ್ಬಳು ನರ್ಸ್. ಯಾವ ಹೊತ್ತಿನಲ್ಲಿ ಬೇಕಾದರೂ ಆಸ್ಪತ್ರೆಯಿಂದ ಕರೆ ಬರಬಹುದು. ಇನ್ನೊಬ್ಬನ ತಾಯಿಗೆ ವಯಸ್ಸಾಗಿದೆ, ಅವರು ಬೇರೆ ಮನೆಯಲ್ಲಿದ್ದಾರೆ. ಅವನು ಫೋನಿನ ಸದ್ದು ಕಡಿಮೆ ಮಾಡುವುದೇ ಇಲ್ಲ. ಇಂಥವರಿಗೆ ನನ್ನ ಟೊಮೆಟೊ ಗಿಡದ ಮೊದಲ ಹೂವಿನ ಫೋಟೋ ರಾತ್ರಿ ಎರಡು ಗಂಟೆಗೆ ಟಿಂಗ್ ಅಂತ ಬರಬಾರದು. ಹಾಗಂತ ಅವರು ಏಳುವವರೆಗೂ ಕಾದರೆ ನನಗೆ ಕೆಲಸ ಶುರುವಾಗಿರುತ್ತದೆ, ಹೂವಿನ ಮಾತು ಮರೆತೇ ಹೋಗುತ್ತದೆ. ಸಣ್ಣ ಸಣ್ಣ ಮಾತುಗಳು ಹೀಗೆ ತಪ್ಪಿಹೋಗುತ್ತವೆ. ದೊಡ್ಡ ಸುದ್ದಿಯನ್ನು ಎಲ್ಲರೂ ಹೇಗಾದರೂ ತಿಳಿಸುತ್ತಾರೆ. ಸಣ್ಣ ಮಾತಿಗೆ ಮಾತ್ರ ಆ ಕ್ಷಣವೇ ಬೇಕು.

ಇನ್ನೂ ಒಂದು ವಿಷಯ ಇದೆ. ಮಲಗಿದವರನ್ನು ಎಬ್ಬಿಸದಿರುವ ಜವಾಬ್ದಾರಿ ಇಲ್ಲಿ ಕಳಿಸುವವರ ಕೈಯಲ್ಲಿದೆ. ಸಾಮಾನ್ಯವಾಗಿ ನಿದ್ದೆ ಬೇಕಾದವರೇ ಮ್ಯೂಟ್ ಮಾಡಿಕೊಳ್ಳಬೇಕು. ಗುಂಪನ್ನು ಮ್ಯೂಟ್ ಮಾಡಿದವರು ನಿಧಾನಕ್ಕೆ ಅದನ್ನು ತೆರೆಯುವುದನ್ನೇ ಬಿಡುತ್ತಾರೆ. ಹಾಗೆ ತಣ್ಣಗಾದ ಎಷ್ಟೋ ಗುಂಪುಗಳನ್ನು ನಾನು ಕಂಡಿದ್ದೇನೆ. ನಮ್ಮಲ್ಲಿ ಯಾರೂ ಮ್ಯೂಟ್ ಮಾಡಿಲ್ಲ, ಯಾಕೆಂದರೆ ಮಾಡುವ ಅಗತ್ಯ ಬಂದಿಲ್ಲ. ಸದ್ದು ಬಂತು ಅಂದರೆ ಯಾರಿಗೋ ಈಗಲೇ ಮಾತಾಡಬೇಕಿದೆ ಅಂತ ಅರ್ಥ. ಉಳಿದದ್ದೆಲ್ಲ ಸದ್ದಿಲ್ಲದೆ ಬಂದು ಕೂತಿರುತ್ತದೆ. ಇಷ್ಟು ಚೆನ್ನಾದ ಒಂದು ಕಟ್ಟುಪಾಡು ನಮ್ಮ ನಡುವೆ ತಾನಾಗಿ ಬೆಳೆದದ್ದು ಆ ಬಟನ್‌ನಿಂದಲೇ.

ಅದೇ ಬಟನ್ ಒತ್ತಿ ಹಿಡಿದಾಗ ಮೆಸೇಜ್ ಅನ್ನು ಮುಂದೆ ಯಾವತ್ತೋ ಹೋಗುವಂತೆ ಶೆಡ್ಯೂಲ್ ಮಾಡುವ ಆಯ್ಕೆಯೂ ಸಿಗುತ್ತದೆ. ಇದೂ 2019ರದ್ದೇ. ಬೇರೆ ಬೇರೆ ಗಡಿಯಾರದ ಗೆಳೆಯರಿಗೆ ಇದೇ ಸರಿಯಾದ ಔಷಧ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾನು ನನ್ನ ರಾತ್ರಿಯಲ್ಲಿ ಬರೆದು, ಗೆಳತಿಗೆ ಬೆಳಗ್ಗೆ ಎಂಟಕ್ಕೆ ತಲುಪುವಂತೆ ಇಟ್ಟು ಮಲಗುತ್ತೇನೆ ಅನ್ನಿ. ಅವಳಿಗೆ ಮೆಸೇಜ್ ಬರುತ್ತದೆ. ನಾನು ಎಚ್ಚರ ಇದ್ದೇನೆ ಅಂದುಕೊಂಡು ಖುಷಿಯಿಂದ ಆಗಲೇ ಉತ್ತರ ಕೊಡುತ್ತಾಳೆ. ಒಂದು ಪ್ರಶ್ನೆಯನ್ನೂ ಕೇಳುತ್ತಾಳೆ. ಈ ಕಡೆ ಯಾರೂ ಇಲ್ಲ. ಸದ್ದಿಲ್ಲದೆ ಕಳಿಸಿದ ಮೆಸೇಜಿನಲ್ಲಿ ಈ ತೊಂದರೆ ಇಲ್ಲ. ಅದರ ಮೇಲೆ ನಾನು ನಿಜವಾಗಿ ಬರೆದ ಹೊತ್ತು ಇರುತ್ತದೆ, ಅದೂ ಅವಳ ಗಡಿಯಾರದ ಲೆಕ್ಕದಲ್ಲಿ. 'ಓ, ಇದನ್ನು ನಾನು ಮಲಗಿದ್ದಾಗ ಬರೆದಿದ್ದಾಳೆ' ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಅವಳೂ ನಿಧಾನವಾಗಿ ಉತ್ತರಿಸುತ್ತಾಳೆ.

ಹಾಗಾದರೆ ಶೆಡ್ಯೂಲ್ ಯಾವಾಗ ಬೇಕು? ಹುಟ್ಟುಹಬ್ಬಕ್ಕೆ ಬೇಕು. ಪರೀಕ್ಷೆಯ ಬೆಳಗ್ಗೆ, ಆಪರೇಷನ್ ಇರುವ ದಿನ, ಕೆಲಸದ ಸಂದರ್ಶನಕ್ಕೆ ಹೊರಡುವ ಹೊತ್ತಿಗೆ ಒಂದು ಒಳ್ಳೆಯ ಮಾತು ತಲುಪಲೇಬೇಕು ಅನ್ನುವಾಗ ಬೇಕು. ಅಲ್ಲಿ ಉತ್ತರದ ಅವಸರ ಇರುವುದಿಲ್ಲ, ಮಾತು ಸಮಯಕ್ಕೆ ಮುಟ್ಟಿದರೆ ಸಾಕು. ಒಂದು ಎಚ್ಚರಿಕೆ: ಅಲ್ಲಿ ಇಡುವ ಸಮಯ ನಿಮ್ಮ ಫೋನಿನ ಗಡಿಯಾರದ್ದು, ಅವರದ್ದಲ್ಲ. ಕೂಡಿ ಕಳೆದು ನೋಡಿಯೇ ಇಡಬೇಕು. ಒಬ್ಬರಿಗೇ ಕಳಿಸುವಾಗ ಅವರು ಆನ್‌ಲೈನ್ ಬಂದ ತಕ್ಷಣ ಹೋಗಲಿ ಅನ್ನುವ ಆಯ್ಕೆಯೂ ಇದೆ. ಅವರು ತಮ್ಮ ಆನ್‌ಲೈನ್ ಸ್ಥಿತಿಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದರೆ ಅದು ಸಿಗುವುದಿಲ್ಲ.

ಗಡಿಯಾರದ ಲೆಕ್ಕ ಅಂದೆನಲ್ಲ, ಅದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಒಂದು ಸಲ ವ್ಯತ್ಯಾಸ ಬಾಯಿಪಾಠ ಮಾಡಿದರೆ ಸಾಕು ಅಂದುಕೊಂಡರೆ ಅದು ವರ್ಷದಲ್ಲಿ ಹಲವು ಸಲ ಬದಲಾಗುತ್ತದೆ. ಅಮೆರಿಕದ ಹೆಚ್ಚಿನ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎರಡೂ ಕಡೆಯವರ ಅಂತರ ಒಂದು ಗಂಟೆ ಕಡಿಮೆಯಾಗಿರುತ್ತದೆ. ದಕ್ಷಿಣ ಗೋಳದಲ್ಲಿ ಇದೆಲ್ಲ ತಿರುವುಮುರುವು. ಸಿಡ್ನಿ ಮತ್ತು ಲಂಡನ್ ನಡುವೆ ವರ್ಷದ ಒಂದು ಭಾಗದಲ್ಲಿ 9 ಗಂಟೆ, ಇನ್ನೊಂದು ಭಾಗದಲ್ಲಿ 11 ಗಂಟೆ, ನಡುವೆ ಕೆಲವು ವಾರ 10 ಗಂಟೆ. ಭಾರತದ ಗಡಿಯಾರ ಯುಟಿಸಿಗಿಂತ (ಲೋಕದ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಐದೂವರೆ ಗಂಟೆ ಮುಂದೆ, ನೇಪಾಳದ್ದು ಐದೂಮುಕ್ಕಾಲು. ಇನ್ನೊಂದು ಮಜಾ ಕೇಳಿ. ಕಿರಿಬಾಟಿಯ ಲೈನ್ ದ್ವೀಪಗಳು ಯುಟಿಸಿಗಿಂತ 14 ಗಂಟೆ ಮುಂದೆ, ಅಮೆರಿಕನ್ ಸಮೋವಾ 11 ಗಂಟೆ ಹಿಂದೆ. ಅಂದರೆ ದಿನದಲ್ಲಿ ಸ್ವಲ್ಪ ಹೊತ್ತು ಭೂಮಿಯ ಮೇಲೆ ಒಟ್ಟಿಗೆ ಮೂರು ತಾರೀಖು ಇರುತ್ತವೆ! ಇಂಥ ಲೋಕದಲ್ಲಿ 'ನಾಳೆ ಏಳಕ್ಕೆ ಮಾತಾಡೋಣ' ಅಂದರೆ ಯಾರ ನಾಳೆ, ಯಾರ ಏಳು?

ಈ ಗೊಂದಲಕ್ಕೆ ಟೆಲಿಗ್ರಾಂನಲ್ಲಿ ಒಂದು ಜಾಣ ಪರಿಹಾರ ಇದೆ. ಗುಂಪಿನ ಅಡ್ಮಿನ್ ಆದವರು ವಾಯ್ಸ್ ಚಾಟ್ ಅನ್ನು (ಆ್ಯಪ್‌ನಲ್ಲಿ ಈಗ ಅದರ ಹೆಸರು 'ವಿಡಿಯೋ ಚಾಟ್') ಮೊದಲೇ ನಿಗದಿ ಮಾಡಬಹುದು. ಆಗ ಗುಂಪಿನ ಮೇಲ್ಭಾಗದಲ್ಲಿ ಶುರುವಾಗಲು ಇನ್ನೆಷ್ಟು ಹೊತ್ತು ಇದೆ ಅನ್ನುವ ಎಣಿಕೆ ಓಡುತ್ತಿರುತ್ತದೆ. ಇನ್ನು ಮೂರು ಗಂಟೆ ಅಂದರೆ ಎಲ್ಲರಿಗೂ ಮೂರು ಗಂಟೆಯೇ. ಯಾರೂ ಕೂಡಿ ಕಳೆಯಬೇಕಿಲ್ಲ. ಶುರುವಾದಾಗ ತಿಳಿಸು ಅಂತ ಒಂದು ಬಟನ್ ಒತ್ತಿಟ್ಟರೆ ನೆನಪೂ ಮಾಡುತ್ತದೆ. ತಿಂಗಳಿಗೊಮ್ಮೆ ಎಲ್ಲರೂ ಸೇರುವಾಗ ನಾವು ಇದನ್ನೇ ಬಳಸುತ್ತೇವೆ. ಯಾರಾದರೂ ಒಬ್ಬರು ನಿದ್ದೆ ಬಿಡಲೇಬೇಕು. ಆ ಸರದಿ ಸುತ್ತುತ್ತಾ ಬರುತ್ತದೆ. ಅದನ್ನು ಯಾವ ಆ್ಯಪ್ ಕೂಡ ಸರಿ ಮಾಡಲಾರದು, ಭೂಮಿ ದುಂಡಗಿದೆ.

ಇನ್ನು ದನಿ ಮತ್ತು ಮುಖ. ದುಂಡಗಿನ ಚಿಕ್ಕ ವಿಡಿಯೋ ಮೆಸೇಜ್‌ಗಳು ನಮ್ಮ ಗುಂಪಿನ ಜೀವ. ಮೈಕ್ ಚಿಹ್ನೆಯನ್ನು ಒಮ್ಮೆ ಮುಟ್ಟಿದರೆ ಅದು ಕ್ಯಾಮೆರಾ ಆಗುತ್ತದೆ. ಹೆಚ್ಚೆಂದರೆ ಒಂದು ನಿಮಿಷ. ಆ ಮಿತಿ ಬಹಳ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಂದು ನಿಮಿಷ ಅಂದರೆ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ, ತಲೆ ಬಾಚಿಕೊಳ್ಳುವುದಿಲ್ಲ. ನರ್ಸ್ ಗೆಳತಿ ರಾತ್ರಿ ಪಾಳಿ ಮುಗಿಸಿ ನಡೆದು ಹೋಗುವಾಗ ಸುಮ್ನೆ ದಾರಿ ತೋರಿಸುತ್ತಾಳೆ. ಸುಸ್ತಾದ ದನಿ, ಹಿಂದೆ ಹಕ್ಕಿಗಳ ಗಲಾಟೆ, ಆಗಷ್ಟೇ ತಿಳಿಯಾಗುತ್ತಿರುವ ಆಕಾಶ. ಅವಳಿಗೆ ಅದು ದಿನದ ಕೊನೆ. ಅದನ್ನು ನೋಡುವಾಗ ನಾನು ಆಫೀಸಿನ ಕೆಲಸ ಮುಗಿಸಿ ಗಿಡಗಳಿಗೆ ನೀರು ಹಾಕುತ್ತಿರುತ್ತೇನೆ. ಅವಳ ದಿನ ಹೇಗಿತ್ತು ಅಂತ ಅಕ್ಷರದಲ್ಲಿ ಎಷ್ಟು ಬರೆದರೂ ಆ ಒಂದು ನಿಮಿಷದಷ್ಟು ಗೊತ್ತಾಗುತ್ತಿರಲಿಲ್ಲ. ಇಪ್ಪತ್ನಾಲ್ಕು ಗಂಟೆಯಲ್ಲಿ ಮಾಯವಾಗುವ ಸ್ಟೇಟಸ್‌ಗಳಂತೆ ಇವು ಹೋಗುವುದಿಲ್ಲ. ಎರಡು ದಿನ ಪುರುಸೊತ್ತಿಲ್ಲದೆ ಹೋದರೂ ಬಂದು ನೋಡಬಹುದು. ದೂರದ ಗೆಳೆಯರಿಗೆ ಇದು ಬೇಕೇ ಬೇಕು.

ವಾಯ್ಸ್ ಮೆಸೇಜ್‌ಗಳೂ ಚೆನ್ನಾಗಿವೆ. ರೆಕಾರ್ಡ್ ಮಾಡುವಾಗ ಬೆರಳನ್ನು ಮೇಲಕ್ಕೆ ಸರಿಸಿದರೆ ಬಟನ್ ಹಿಡಿದೇ ಇರಬೇಕಿಲ್ಲ, ಮಣ್ಣು ಹತ್ತಿದ ಕೈಯಲ್ಲೇ ಮಾತಾಡುತ್ತಾ ಹೋಗಬಹುದು. ಕೇಳುವವರು ವೇಗ ಹೆಚ್ಚಿಸಿಯೂ ಕೇಳಬಹುದು. ಆದರೆ ಗೆಳೆಯರ ದನಿಯನ್ನು ವೇಗವಾಗಿ ಓಡಿಸಿ ಕೇಳುವುದು ನನಗೆ ಇಷ್ಟವಿಲ್ಲ. ಪುರುಸೊತ್ತು ಇದ್ದಾಗ ಕೇಳಿ, ಅವರು ಮಾತಾಡಿದ ವೇಗದಲ್ಲೇ ಕೇಳಿ.

ಬೆಳಗ್ಗೆ ಎದ್ದಾಗ ನಾಲ್ಕು ಜನ ಬರೆದದ್ದು ರಾಶಿ ಬಿದ್ದಿರುತ್ತದೆ, ಅಲ್ವಾ? ಗುಂಪು ತೆರೆದರೆ ಓದದೇ ಉಳಿದ ಜಾಗಕ್ಕೇ ಕರೆದೊಯ್ಯುತ್ತದೆ. ಒಬ್ಬರ ಉದ್ದದ ಮೆಸೇಜಿನಲ್ಲಿ ಬೇಕಾದ ಸಾಲನ್ನಷ್ಟೇ ಆರಿಸಿ ಅದಕ್ಕೆ ಉತ್ತರ ಬರೆಯಬಹುದು. ಎಂಟು ಗಂಟೆ ಹಿಂದಿನ ಮಾತಿಗೆ 'ಹೌದು ಹೌದು' ಅಂತ ಬರೆದರೆ ಯಾವುದಕ್ಕೆ ಹೌದು ಅಂತ ಯಾರಿಗೂ ತಿಳಿಯುವುದಿಲ್ಲ, ಹಾಗಾಗಿ ಈ ಸೌಲಭ್ಯ ಚಿಕ್ಕದಾದರೂ ಬಹಳ ಮುಖ್ಯ. ಗುಂಪಿನೊಳಗೆ ಬೇರೆ ಬೇರೆ ಟಾಪಿಕ್ ಮಾಡಿಕೊಳ್ಳಬಹುದು. ನಾವು 'ಗಿಡ', 'ಇವತ್ತು', 'ನಿದ್ದೆ ಬರ್ತಿಲ್ಲ' ಅಂತ ಮೂರು ಇಟ್ಟುಕೊಂಡಿದ್ದೇವೆ. ಮೂರನೆಯದು ಯಾವತ್ತೂ ಖಾಲಿ ಇರುವುದೇ ಇಲ್ಲ. ನಡುರಾತ್ರಿ ಎಚ್ಚರವಾದವರು ಅಲ್ಲಿ ಬರೆದರೆ, ಆ ಹೊತ್ತಿಗೆ ಹಗಲು ಇರುವ ಯಾರಾದರೂ ಒಬ್ಬರು ಸಿಕ್ಕೇ ಸಿಗುತ್ತಾರೆ. ಬೇರೆ ಬೇರೆ ಗಡಿಯಾರದ ಗೆಳೆತನದಲ್ಲಿ ಇಂಥ ಒಂದು ಸುಖ ಇದೆ ಅಂತ ಒಂದೇ ಊರಿನ ಗೆಳೆಯರಿಗೆ ಗೊತ್ತಾಗುವುದು ಕಷ್ಟ.

'ಲಾಸ್ಟ್ ಸೀನ್' ಅನ್ನು, ಅಂದರೆ ನೀವು ಕೊನೆಯದಾಗಿ ಯಾವಾಗ ಆನ್‌ಲೈನ್ ಇದ್ದಿರಿ ಅನ್ನುವುದನ್ನು, ಮುಚ್ಚಿಡಿ. ಇದು ನನ್ನ ಗಟ್ಟಿ ಸಲಹೆ. ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಇದೆ. ನೀವು ಯಾರಿಂದ ಮುಚ್ಚಿಡುತ್ತೀರೋ ಅವರದ್ದೂ ನಿಮಗೆ ನಿಖರವಾಗಿ ಕಾಣುವುದಿಲ್ಲ. ಅದೇ ಒಳ್ಳೆಯದು. 'ನೀನು ಮೂರು ಗಂಟೆಗೆ ಆನ್‌ಲೈನ್ ಇದ್ದೆ, ನನಗೆ ಉತ್ತರ ಕೊಡಲಿಲ್ಲ' ಅನ್ನುವ ಲೆಕ್ಕಾಚಾರ ಹತ್ತಿರದವರ ನಡುವೆಯೇ ಮನಸ್ಸು ಕೆಡಿಸುತ್ತದೆ. ಯಾರ ಮೂರು ಗಂಟೆ ಅಂತಲೇ ತಿಳಿಯದ ಕಡೆ ಅದರಿಂದ ಒಳಿತಾಗುವುದಿಲ್ಲ. ಹಾಗೆಯೇ ಫೋನ್ ನಂಬರ್ ಕೂಡ ಮುಚ್ಚಿಡಬಹುದು. ಖಾತೆ ತೆರೆಯಲು ನಂಬರ್ ಬೇಕು, ಆದರೆ ಗೆಳೆಯರಿಗೆ ಯೂಸರ್‌ನೇಮ್ ಕೊಟ್ಟರೆ ಸಾಕು. ಆನ್‌ಲೈನ್‌ನಲ್ಲೇ ಪರಿಚಯವಾಗಿ, ಇನ್ನೂ ನಂಬಿಕೆ ಬೆಳೆಯುತ್ತಿರುವ ಹೊತ್ತಿನಲ್ಲಿ ಇದು ದೊಡ್ಡ ನೆಮ್ಮದಿ.

ಈಗ ನನಗೆ ಒಪ್ಪಿಗೆಯಾಗದ ಮಾತು. ಟೆಲಿಗ್ರಾಂನ ಗುಂಪುಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಬಿಟ್ಟು ಕಂಪನಿಯೂ ಓದಲಾಗದ ರಕ್ಷಣೆ) ಇಲ್ಲ. ಇಬ್ಬರೇ ಮಾತಾಡುವ ಮಾಮೂಲಿ ಚಾಟ್‌ಗೂ ಇಲ್ಲ. 'ಸೀಕ್ರೆಟ್ ಚಾಟ್' ಅಂತ ಬೇರೆಯೇ ಶುರು ಮಾಡಿದರೆ ಮಾತ್ರ ಸಿಗುತ್ತದೆ, ಅದೂ ಇಬ್ಬರ ನಡುವೆ ಮಾತ್ರ. ಮೆಸೇಜುಗಳು ಕಂಪನಿಯ ಸರ್ವರ್‌ನಲ್ಲಿ ಇರುತ್ತವೆ. ಹೊಸ ಫೋನ್ ತೆಗೆದುಕೊಂಡಾಗ ಹಳೆಯದೆಲ್ಲ ತಾನಾಗಿ ಬಂದು ಕೂರುವುದು ಅದೇ ಕಾರಣಕ್ಕೆ. ವಾಟ್ಸ್ಆ್ಯಪ್ ಮತ್ತು ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆ್ಯಪ್‌ನಲ್ಲಿ ಗುಂಪುಗಳಿಗೂ ಈ ರಕ್ಷಣೆ ತಾನಾಗಿಯೇ ಜಾರಿಯಲ್ಲಿರುತ್ತದೆ. ಹಾಗಾಗಿ ನಾವು ಕೆಲವನ್ನು ಇಲ್ಲಿ ಹಾಕುವುದಿಲ್ಲ. ವೈದ್ಯಕೀಯ ವರದಿ, ಮಕ್ಕಳ ಫೋಟೋ, ದುಡ್ಡಿನ ವಿಷಯ, ಪಾಸ್‌ಪೋರ್ಟ್ ಪ್ರತಿ ಇವೆಲ್ಲ ಸಿಗ್ನಲ್‌ನಲ್ಲಿ. ಗಿಡ, ಆಕಾಶ, ಅಡುಗೆ, ನಿದ್ದೆ ಇಲ್ಲಿ. ನಿಮ್ಮ ಗುಂಪಿನ ಮಾತುಕತೆ ಹೆಚ್ಚಾಗಿ ಮೊದಲ ಬಗೆಯದಾದರೆ ನಾನು ಟೆಲಿಗ್ರಾಂ ಹೇಳುವುದಿಲ್ಲ. ಬಟನ್ ಎಷ್ಟೇ ಚೆನ್ನಾಗಿರಲಿ, ಗೆಳೆಯರ ಕಷ್ಟದ ದಿನಗಳ ಮಾತು ಗಟ್ಟಿ ಬಾಗಿಲಿನ ಹಿಂದೆಯೇ ಇರಬೇಕು.

ಇಲ್ಲಿ ಖಾತೆ ತೆರೆದ ದಿನವೇ ಎರಡು ಕೆಲಸ ಮಾಡಿ. ಟು-ಸ್ಟೆಪ್ ವೆರಿಫಿಕೇಶನ್ (ಹೊಸ ಫೋನಿನಲ್ಲಿ ಖಾತೆ ತೆರೆಯುವಾಗ ಕೋಡ್ ಜೊತೆ ಪಾಸ್‌ವರ್ಡ್ ಕೂಡ ಕೇಳುವ ರಕ್ಷಣೆ) ಹಾಕಿ. ನಿಮ್ಮನ್ನು ಗುಂಪುಗಳಿಗೆ ಯಾರು ಸೇರಿಸಬಹುದು ಅನ್ನುವ ಕಡೆ 'ಮೈ ಕಾಂಟ್ಯಾಕ್ಟ್ಸ್' ಅಂತ ಆರಿಸಿ, ಗುರುತಿಲ್ಲದವರು ಎಲ್ಲೆಲ್ಲೋ ಎಳೆದುಕೊಂಡು ಹೋಗುವುದು ತಪ್ಪುತ್ತದೆ.

ಪ್ರೀಮಿಯಂ ಚಂದಾ ಬೇಕಾ ಅಂತ ಕೇಳುವವರಿಗೆ: ನಮ್ಮಂಥ ಚಿಕ್ಕ ಗುಂಪಿಗೆ ಬೇಡ. ಸದ್ದಿಲ್ಲದ ಮೆಸೇಜ್, ಶೆಡ್ಯೂಲ್, ದುಂಡು ವಿಡಿಯೋ, ಟಾಪಿಕ್, ಎಣಿಕೆ ಓಡುವ ವಾಯ್ಸ್ ಚಾಟ್ ಎಲ್ಲವೂ ಉಚಿತವಾಗಿಯೇ ಸಿಗುತ್ತವೆ. ಗುಂಪು ಶುರು ಮಾಡಿದ ಮೇಲೆ ಎಲ್ಲರಿಗೂ ಮೊದಲು ಆ ಬಟನ್ ಒತ್ತಿ ಹಿಡಿಯುವುದನ್ನು ತೋರಿಸಿಕೊಡಿ. ಅದು ತಾನಾಗಿ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ.