ಕಾರವಾರದ ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದ ಒಪೆರಾ

ಮೊದಲೇ ಹೇಳಿಬಿಡುತ್ತೇನೆ. ಅಂಗಡಿಗೆ ಐದರಲ್ಲಿ ನಾಲ್ಕು ಸ್ಟಾರ್. ಅವರ ತಕ್ಕಡಿಗೆ ಒಂದೇ.

ಕಾರವಾರ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟೇ ದೂರ, ಓಣಿಯೊಳಗೆ. ಬೋರ್ಡ್ ಗೀರ್ಡ್ ಏನೂ ಇಲ್ಲ. ಬಾಗಿಲಲ್ಲಿ ಪಿಯುಸಿ ಗೈಡುಗಳು, ಒಳಗೆ ಪೇಪರ್ ಕಟ್ಟು, ಅದರ ಹಿಂದೆ ಖಾಲಿ ಬಾಟಲಿ. ನಾನು ಹೊನ್ನಾವರದಿಂದ ಬೇರೆ ಕೆಲಸಕ್ಕೆ ಹೋದವನು, ಮಗಳಿಗೆ ಕೆಮಿಸ್ಟ್ರಿ ಗೈಡ್ ಸಿಕ್ಕಿದರೆ ಸಿಗಲಿ ಅಂತ ಒಳಗೆ ಇಣುಕಿದೆ. ಗೈಡ್ ಸಿಗಲಿಲ್ಲ. ಸುತಳಿಯಲ್ಲಿ ಬಿಗಿದ ಇಂಗ್ಲಿಷ್ ಮ್ಯಾಗಜಿನ್ ಕಟ್ಟು ಕಂಡಿತು. ಮೇಲಿನ ಮುಖಪುಟದಲ್ಲಿ ಕಿರೀಟ ಇಟ್ಟುಕೊಂಡು ಬಾಯಿ ತೆರೆದು ನಿಂತ ದಪ್ಪ ಮನುಷ್ಯ. ನಮ್ಮ ಯಕ್ಷಗಾನದ ಕೌರವನ ವೇಷದವರ ಹಾಗೇ ಕಂಡ. ಹೆಸರು ನೋಡಿದರೆ ‘ಒಪೆರಾ ನ್ಯೂಸ್’.

“ಎಂಥ ಪುಸ್ತಕ ಮಾರಾಯ್ರೇ ಇದು?” ಅಂದೆ.

“ಮೊದಲು ಮೊಬೈಲಲ್ಲಿ ಕೆಂಪು ಓ ಇರ್ತಿತ್ತಲ್ಲ ಮಾಸ್ತರ್ರೇ, ಅದರದ್ದೇ ಇರಬೇಕು.”

ಅವರು ಹೇಳಿದ್ದು ಒಪೆರಾ ಅನ್ನುವ ಬ್ರೌಸರಿನ ಮಾತು. ಇದು ಬೇರೆ ಒಪೆರಾ, ಹಾಡಿನಲ್ಲೇ ಕತೆ ನಡೆಯುವ ಪಾಶ್ಚಾತ್ಯರ ನಾಟಕ. ಹಡಗಿನಲ್ಲಿ ಕೆಲಸ ಮಾಡಿದ್ದ ಯಾರದೋ ಮನೆ ಖಾಲಿ ಮಾಡುವಾಗ ಬಂದದ್ದಂತೆ. ಕಿಲೋಗೆ 40 ರೂಪಾಯಿ, ಬಿಡಿ ಕೊಡುವುದಿಲ್ಲ, ಕಟ್ಟು ಬಿಚ್ಚಿ ನೋಡುವುದಕ್ಕೂ ಬಿಡುವುದಿಲ್ಲ. ಆರು ಕಿಲೋ ಬಂತು. ಮನೆಗೆ ತಂದು ಬಿಚ್ಚಿದರೆ ಒಳಗಿನ ಹಾಳೆಗಳು ಮಳೆಗೆ ತೊಯ್ದು ಒಂದಕ್ಕೊಂದು ಅಂಟಿಕೊಂಡಿದ್ದವು, ಬೂಷ್ಟು ವಾಸನೆ ಬೇರೆ. ನಾಲ್ಕು ದಿನ ಬಚ್ಚಲ ಒಲೆ ಹತ್ತಿರ ಹರಡಿಟ್ಟು ಆಮೇಲೆ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. ಐದೂ ಕಾಲು! ಮುಕ್ಕಾಲು ಕಿಲೋ ನೀರಿಗೆ ದುಡ್ಡು ಕೊಟ್ಟು ಬಂದಿದ್ದೆ ಅಂತಾಯಿತು. ಹೆಂಡತಿ ಇನ್ನೂ ನಗುತ್ತಿದ್ದಾಳೆ.

ಆದರೂ ನಾಲ್ಕು ಸ್ಟಾರ್ ಯಾಕೆ ಅಂದರೆ, ಇಷ್ಟು ಖುಷಿ ಕೊಟ್ಟ 240 ರೂಪಾಯಿ ಈಚೆಗೆ ಯಾವುದೂ ಇಲ್ಲ. ಒಪೆರಾ ನನಗೆ ಗೊತ್ತಿಲ್ಲ, ಆಟ ಗೊತ್ತು, ಅಂದರೆ ನಮ್ಮ ಯಕ್ಷಗಾನ. ಒಂದು ಹಾಳೆ ಓದುವುದು, ಆ ಗಾಯಕರ ಹೆಸರನ್ನು ಫೋನಿನಲ್ಲಿ ಹುಡುಕುವುದು, ಒಂದು ಹಾಡು ಕೇಳುವುದು, ಮತ್ತೆ ಅವರ ಜಗಳ ಓದುವುದು. ರಾತ್ರಿ ಒಂದು ಗಂಟೆ ಆಗಿದ್ದೇ ತಿಳಿಯುತ್ತಿರಲಿಲ್ಲ.

ಜಗಳ ಅಂದರೆ ಎಂಥದ್ದು ಗೊತ್ತಾ? 2006ರ ಡಿಸೆಂಬರ್, ಇಟಲಿಯ ಮಿಲಾನ್, ಲಾ ಸ್ಕಾಲಾ ಅನ್ನುವ ಥಿಯೇಟರ್, ‘ಐಡಾ’ ಆಟ. ಈಜಿಪ್ಟಿನ ಸೇನಾಪತಿಯ ಪಾತ್ರದ ಗಾಯಕ ರೊಬೆರ್ಟೊ ಅಲಾನ್ಯಾ ಶುರುವಿನ ಹಾಡು ಮುಗಿಸಿದರು, ಮೇಲಿನ ಗ್ಯಾಲರಿಯವರು ಬೂ ಅಂದರು, ಇವರು ಒಂದು ಸಲಾಮು ಹೊಡೆದು ಸೀದಾ ಒಳಗೆ ಹೋದರು. ಬದಲಿ ಗಾಯಕ ಆಂಟೊನೆಲ್ಲೊ ಪಾಲೊಂಬಿಯನ್ನು ಹೊರಗಿನ ಬಟ್ಟೆಯಲ್ಲೇ ರಂಗಕ್ಕೆ ದಬ್ಬಿದರು. ಸುತ್ತ ಈಜಿಪ್ಟ್ ರಾಜವೈಭವ, ನಡುವೆ ಪ್ಯಾಂಟು ಶರ್ಟಿನ ಸೇನಾಪತಿ. ನಮ್ಮಲ್ಲಾಗಿದ್ದರೆ ಭಾಗವತರು ಪದ್ಯ ಎಳೆದು, ಚಂಡೆಯವರು ಬಾರಿಸುತ್ತಾ ಇದ್ದು, ಅಷ್ಟರಲ್ಲಿ ಚೌಕಿಯಲ್ಲಿ ಯಾರಿಗಾದರೂ ಅರ್ಧ ಬಣ್ಣವನ್ನಾದರೂ ಬಳಿದು ಕಳಿಸುತ್ತಿದ್ದರು, ಅಲ್ವಾ?

ಇನ್ನೊಂದು ಸಂಗತಿ ಇದಕ್ಕಿಂತ ಮಜಾ, ಅದು ಈ ಪತ್ರಿಕೆಯದ್ದೇ. ಇದನ್ನು 1936ರಲ್ಲಿ ಶುರುಮಾಡಿದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ (ಚಿಕ್ಕದಾಗಿ ಮೆಟ್) ಅನ್ನುವ ಮೇಳದ ಬೆಂಬಲಿಗರ ಗಿಲ್ಡ್, ಅಂದರೆ ಸಂಘ. (ಗುಣವಂತೆಯ ಕೆರೆಮನೆಯವರ ಇಡಗುಂಜಿ ಯಕ್ಷಗಾನ ಮೇಳ ಅದಕ್ಕಿಂತ ಎರಡು ವರ್ಷ ಹಳೆಯದು, ಸುಮ್ನೆ ಹೇಳಿದೆ.) ಅಂದರೆ ಮೆಟ್ ಮೇಳದ ಕಡೆಯವರದ್ದೇ ಪತ್ರಿಕೆ, ಅದರಲ್ಲೇ ಮೇಳದ ಆಟದ ವಿಮರ್ಶೆ. ವ್ಯಾಗ್ನರ್‌ನ ‘ರಿಂಗ್’ ಅನ್ನುವ ಒಪೆರಾ ಸರಣಿಗೆ ಅಲ್ಲಿ ಹಲಗೆಗಳೇ ಮೇಲೆ ಕೆಳಗೆ ತಿರುಗುವ ದೊಡ್ಡ ಯಂತ್ರ ಮಾಡಿಸಿದ್ದರು. ಅದು ಕಿರ್ರ್ ಅನ್ನುತ್ತದೆ ಅಂತ ಊರೆಲ್ಲ ಆಡಿಕೊಂಡಿತ್ತು, ಈ ಪತ್ರಿಕೆಯೂ ಹೊಗಳಲಿಲ್ಲ. ಮೇಳದ ಯಜಮಾನ ಪೀಟರ್ ಗೆಲ್ಬ್‌ಗೆ ಸಿಟ್ಟು ಬಂತು. 2012ರ ಮೇ ತಿಂಗಳಲ್ಲಿ, ಇನ್ನು ಮೆಟ್‌ನ ಆಟಗಳ ವಿಮರ್ಶೆಯೇ ಬರುವುದಿಲ್ಲ ಅಂತ ಸುದ್ದಿ ಹೊರಬಿತ್ತು. ಓದುಗರು ಎಷ್ಟು ಬೈದರು ಅಂದರೆ ಒಂದೆರಡು ದಿನದಲ್ಲೇ ಮಾತು ವಾಪಸ್.

ನಾನು ಇದನ್ನು ಓದಿ ತುಂಬಾ ಹೊತ್ತು ಯೋಚಿಸಿದೆ. ನಮ್ಮಲ್ಲಿ ಆಟದ ವಿಮರ್ಶೆ ಜಾಸ್ತಿ ನಡೆಯುವುದು ಬೆಳಗಿನ ಜಾವ ಚಾ ಅಂಗಡಿಯಲ್ಲಿ. ಯಾರ ಕುಣಿತ ಸೋತಿತು, ಯಾರು ಮೇಳ ಬಿಡುತ್ತಾರಂತೆ, ಯಾರ ಅರ್ಥಗಾರಿಕೆ ಅತಿಯಾಯಿತು, ಎಲ್ಲ ಖಡಕ್ಕಾಗಿ ಬರುತ್ತದೆ. ಮಾರನೇ ದಿನ ಅದೇ ಜನ ಪೇಪರಿಗೆ ಬರೆದರೆ ಮಾತ್ರ ‘ಪ್ರೇಕ್ಷಕರ ಮನಸೂರೆಗೊಂಡಿತು’. ಹಾಗೆ ಬರೆದವರಲ್ಲಿ ನಾನೂ ಒಬ್ಬ.

‘ಒಪೆರಾ ನ್ಯೂಸ್’ ಪತ್ರಿಕೆ 2023ರಲ್ಲಿ ನಿಂತುಹೋಗಿ, ಇಂಗ್ಲೆಂಡಿನ ‘ಒಪೆರಾ’ ಪತ್ರಿಕೆಯೊಳಗೆ ಸೇರಿಕೊಂಡಿದೆ. ಹಾಗಾಗಿ ಇರುವ ಪ್ರತಿಗಳನ್ನು ಜೋಪಾನ ಮಾಡುತ್ತಿದ್ದೇನೆ.

ಹೋಗುವವರಿಗೆ ಎರಡು ಮಾತು. ಚಿಲ್ಲರೆ ಇಟ್ಟುಕೊಂಡು ಹೋಗಿ, ಫೋನಿನಲ್ಲಿ ದುಡ್ಡು ಹಾಕುತ್ತೇನೆ ಅಂದರೆ ಅವರ ಮುಖ ಬಾಡುತ್ತದೆ. ಮತ್ತೆ, ಕಟ್ಟಿನ ಸಂದಿಗೆ ಬೆರಳು ತೂರಿಸಿ ತಣ್ಣಗಿದೆಯಾ ನೋಡಿ. ಮನುಷ್ಯ ಒಳ್ಳೆಯವರು, ಹಳೆ ರಸೀದಿ ಹಿಂದೆ ನನ್ನ ಮಗಳ ಗೈಡಿನ ಹೆಸರು ಬರೆದಿಟ್ಟುಕೊಂಡಿದ್ದರು, ಮೊನ್ನೆ ಫೋನ್ ಮಾಡಿ ಬಂದಿದೆ ಅಂದರು. ಅಟ್ಟದ ಮೇಲೆ ಅದೇ ಒಪೆರಾದ್ದು ಇನ್ನೊಂದು ಕಟ್ಟು ಇದೆಯಂತೆ, ಯಾವಾಗ ಬರುತ್ತೀರಿ ಅಂತಲೂ ಕೇಳಿದರು. ದೀಪಾವಳಿ ಕಳೆಯಲಿ ಅಂದಿದ್ದೇನೆ. ಅಷ್ಟರಲ್ಲಿ ಒಣಗಿರುತ್ತದೆ.