ಆರ್ತೆಮೀಸಿಯಾ ಜೆಂತಿಲೆಸ್ಕಿ: ಸಿನಿಮಾ ಕೊನೆಗಿರಲಿ

ಹದಿನೇಳನೇ ಶತಮಾನದ ಇಟಲಿಯ ಚಿತ್ರಕಾರ್ತಿ ಆರ್ತೆಮೀಸಿಯಾ ನನಗೆ ಮೊದಲು ಸಿಕ್ಕಿದ್ದು ಸಿನಿಮಾದಲ್ಲಿ. ಅದೇ ತಪ್ಪಾಯಿತು. ಆನ್ಯೆಸ್ ಮೆರ್ಲೆ ನಿರ್ದೇಶನದ ಫ್ರೆಂಚ್ ಸಿನಿಮಾ, 1997ರದ್ದು, ಹೆಸರೂ ‘ಆರ್ತೆಮೀಸಿಯಾ’. ನೋಡೋಕೆ ತುಂಬಾ ಚೆನ್ನಾಗಿದೆ. ಚಿತ್ರ ಬರೆಯಲೇಬೇಕು ಎಂಬ ಹಸಿವಿರುವ ಹುಡುಗಿ, ಅವಳಿಗೆ ಕಲಿಸಲು ಬರುವ ಅಗೊಸ್ತಿನೊ ತಾಸ್ಸಿ, ಇಬ್ಬರ ನಡುವೆ ಪ್ರೀತಿ, ಅಪ್ಪ ಕೋರ್ಟಿಗೆ ಹೋಗುತ್ತಾನೆ, ಚಿತ್ರಹಿಂಸೆ ಕೊಟ್ಟರೂ ಅವಳು ಪ್ರೇಮಿಯ ವಿರುದ್ಧ ಒಂದು ಮಾತು ಆಡುವುದಿಲ್ಲ, ಅವಳ ನೋವು ನೋಡಲಾರದೆ ಅವನೇ ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ನಾನು ಅತ್ತೆ. ಎಂಥ ಪ್ರೀತಿ ಅಂದುಕೊಂಡೆ.

ಆಮೇಲೆ ಆರ್ತೆಮೀಸಿಯಾ ಬಗ್ಗೆ ಮೇರಿ ಗ್ಯಾರಾರ್ಡ್ ಬರೆದ ಪುಸ್ತಕ ಓದಿದೆ. ಅವರು ಅಮೆರಿಕದ ಕಲಾ ಇತಿಹಾಸಕಾರರು, ಪುಸ್ತಕ ಬಂದದ್ದು 1989ರಲ್ಲಿ. ಅದರ ಕೊನೆಯಲ್ಲಿ 1612ರ ರೋಮಿನ ವಿಚಾರಣೆಯ ಹೇಳಿಕೆಗಳ ಇಂಗ್ಲಿಷ್ ಅನುವಾದ ಇದೆ. ಓದುತ್ತಾ ಹೋದ ಹಾಗೆ ಕೈ ತಣ್ಣಗಾಯಿತು. ತಾಸ್ಸಿ ಬಲಾತ್ಕಾರ ಮಾಡಿದ, ನಾನು ಉಗುರಿನಿಂದ ಪರಚಿದೆ, ಕೂದಲು ಕಿತ್ತೆ ಎಂದು ಅವಳೇ ಹೇಳಿದ್ದಾಳೆ. ಆಗ ಅವಳಿಗೆ ವಯಸ್ಸು 17. ಮದುವೆಯಾಗುತ್ತೇನೆ ಎಂದು ಮಾತು ಕೊಟ್ಟಿದ್ದ, ಮಾತು ಉಳಿಸಿಕೊಳ್ಳಲಿಲ್ಲ. ವಿಚಾರಣೆ ಸುಮಾರು ಏಳು ತಿಂಗಳು ನಡೆಯಿತು. ನಿಜ ಹೇಳುತ್ತಿದ್ದಾಳಾ ಎಂದು ನೋಡಲು ಬೆರಳುಗಳಿಗೆ ಹುರಿ ಸುತ್ತಿ ಬಿಗಿದರು. ಯಾರ ಬೆರಳಿಗೆ? ಅವನ ಬೆರಳಿಗಲ್ಲ, ಇವಳ ಬೆರಳಿಗೆ, ಚಿತ್ರ ಬರೆಯುವ ಹುಡುಗಿಯ ಬೆರಳಿಗೆ. ನಿಜ, ನಿಜ, ನಿಜ ಎಂದಳು. ಎದುರಿಗಿದ್ದ ಅವನಿಗೆ, ನೀನು ನನಗೆ ತೊಡಿಸುವ ಉಂಗುರ ಇದೇನಾ, ನೀನು ಕೊಟ್ಟ ಮಾತು ಇದೇನಾ ಎಂದೂ ಕೇಳಿದಳು. ತಾಸ್ಸಿ ಅಪರಾಧಿ ಎಂದು ತೀರ್ಪಾಯಿತು, ಗಡೀಪಾರು ಶಿಕ್ಷೆ ಬಿತ್ತು, ಅದು ಜಾರಿಯಾಗಲಿಲ್ಲ.

ಸಿನಿಮಾ ತಿರುಗಿಸಿ ಹೇಳಿದ್ದು ಇದನ್ನೇ. ಕಥೆಗಾಗಿ ಊರು, ವರ್ಷ, ಬಟ್ಟೆ ಬದಲಿಸಿದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಹುಡುಗಿ ನೋವು ತಿಂದು ಉಳಿಸಿಕೊಂಡ ಒಂದೇ ಮಾತನ್ನು ಅವಳ ಬಾಯಿಂದ ಕಿತ್ತುಕೊಳ್ಳುವುದು ಬೇರೆ, ಅಲ್ವಾ? ಅಮೆರಿಕದಲ್ಲಿ ಇದನ್ನು ನಿಜ ಕಥೆ ಎಂದು ಪ್ರಚಾರ ಮಾಡಿದಾಗ ಗ್ಯಾರಾರ್ಡ್ ಮತ್ತು ಅಲ್ಲಿನ ಸ್ತ್ರೀವಾದಿ ಲೇಖಕಿ ಗ್ಲೋರಿಯಾ ಸ್ಟೈನಮ್ ವಿರೋಧಿಸಿದ್ದರು. ಸರಿಯಾಗಿಯೇ ಮಾಡಿದರು.

ಅವಳ ಬಗ್ಗೆ ಕಾದಂಬರಿ ಬೇಕಿದ್ದರೆ ಆನ್ನಾ ಬಾಂತಿ ಅವರದ್ದು ಓದಿ. 1947ರದ್ದು, ಇಟಾಲಿಯನ್, ಇಂಗ್ಲಿಷ್ ಅನುವಾದ ಇದೆ. ಇದರ ಮೊದಲ ಹಸ್ತಪ್ರತಿ 1944ರ ಯುದ್ಧದಲ್ಲಿ, ಫ್ಲಾರೆನ್ಸಿನಲ್ಲಿ ಮನೆಗಳು ಉರುಳಿದಾಗ ಹೋಯಿತು. ಬಾಂತಿ ಮತ್ತೆ ಬರೆದರು, ಆ ಕಳೆದುಕೊಂಡದ್ದನ್ನೂ ಕಥೆಯೊಳಗೆ ಸೇರಿಸಿ ಬರೆದರು. ಅದಕ್ಕೇ ಅಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಾರೆ: ಹಸ್ತಪ್ರತಿ ಕಳೆದುಕೊಂಡು ಅಳುವವಳು, ಮುನ್ನೂರು ವರ್ಷದ ಹಿಂದಿನಿಂದ ಬಂದು ಅಳಬೇಡ ಎನ್ನುವವಳು. ಸುಲಭದ ಓದಲ್ಲ. ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯದೆ ನಾನು ಮೊದಲ ಇಪ್ಪತ್ತು ಪುಟ ಎರಡು ಸಲ ಓದಬೇಕಾಯಿತು. ಬಾಂತಿ ಕೂಡ ಎಷ್ಟೋ ಕಲ್ಪಿಸಿದ್ದಾರೆ, ಆದರೆ ಇದು ನನ್ನ ಕಲ್ಪನೆ ಎಂದು ನಿಮ್ಮ ಮುಂದೆಯೇ ಹೇಳಿ ಕಲ್ಪಿಸುತ್ತಾರೆ. ನನಗೆ ಅದು ಹಿಡಿಸಿತು.

ಇನ್ನು ಚಿತ್ರಗಳು. ಬೈಬಲ್ ಕಾಲದ ಕಥೆಯೊಂದರಲ್ಲಿ ಜೂಡಿತ್ ಎಂಬ ಹೆಂಗಸು ಶತ್ರು ಸೇನಾಪತಿ ಹೊಲೊಫರ್ನಿಸನ ತಲೆ ಕಡಿಯುವ ಚಿತ್ರವನ್ನು ಅವಳು ಎರಡು ಸಲ ಬರೆದಿದ್ದಾಳೆ. ಒಂದು ನೇಪಲ್ಸಿನಲ್ಲಿದೆ, ಇನ್ನೊಂದು ಫ್ಲಾರೆನ್ಸಿನ ಉಫಿಜಿ ಮ್ಯೂಸಿಯಂನಲ್ಲಿ. ಅದೇ ಕಾಲದ ಇಟಲಿಯ ಚಿತ್ರಕಾರ ಕರವಾಜ್ಜೊ ಇದೇ ಕಥೆ ಬರೆದಾಗ ಸೇವಕಿ ಮುದುಕಿ, ಪಕ್ಕದಲ್ಲಿ ನಿಂತು ನೋಡುತ್ತಾಳೆ. ಇಲ್ಲಿ ಸೇವಕಿಯೂ ಹರೆಯದವಳು, ಅಂಗಿಯ ತೋಳು ಮಡಿಸಿಕೊಂಡು ಆ ಗಂಡಸನ್ನು ಹಾಸಿಗೆಗೆ ಒತ್ತಿ ಹಿಡಿದಿದ್ದಾಳೆ. ತಲೆ ಕಡಿಯಲು ಎಷ್ಟು ಬಲ ಬೇಕು ಎಂದು ಯೋಚಿಸಿ ಬರೆದ ಹಾಗಿದೆ. ಎಲ್ಲರೂ ಇದನ್ನು ತಾಸ್ಸಿಯ ಮೇಲಿನ ಸೇಡು ಎನ್ನುತ್ತಾರೆ. ಇರಬಹುದು. ಆದರೆ ಅವಳ ‘ಸುಸಾನಾ’ ಚಿತ್ರದ ಮೇಲಿರುವ ವರ್ಷ 1610, ಅಂದರೆ ಆ ಘಟನೆಗೂ ಮೊದಲು. ಸ್ನಾನಕ್ಕೆ ಕೂತ ಹೆಣ್ಣಿನ ಮೇಲೆ ಗೋಡೆಯಾಚೆಯಿಂದ ಇಬ್ಬರು ಗಂಡಸರು ಬಗ್ಗಿದ್ದಾರೆ, ಅವಳು ಮುಖ ತಿರುಗಿಸಿ ಎರಡೂ ಕೈ ಎತ್ತಿ ಬೇಡ ಎನ್ನುತ್ತಿದ್ದಾಳೆ. ಕಣ್ಣು ಮೊದಲಿಂದಲೇ ಇತ್ತು. ಕೋರ್ಟು ಕೊಟ್ಟದ್ದಲ್ಲ.

ಗ್ಯಾರಾರ್ಡ್ ಪುಸ್ತಕ ದಪ್ಪ, ಕೆಲವು ಅಧ್ಯಾಯಗಳು ಎಳೆಯುತ್ತವೆ, ದೇವತೆಗಳು ಸಂಕೇತಗಳು ಅಂತ ಪುಟಗಟ್ಟಲೆ ಹೋಗುತ್ತದೆ. ಬೇಕಿದ್ದರೆ ಸುಮ್ನೆ ಹಾರಿಸಿ. ಪುಸ್ತಕದ ಕೊನೆಯಲ್ಲಿರುವ ಆರ್ತೆಮೀಸಿಯಾಳ ಪತ್ರಗಳಿಂದ ಶುರು ಮಾಡಿ. ಕೋರ್ಟಿನಲ್ಲಿ ನನಗೆ ಅಕ್ಷರ ಬರೆಯಲು ಬರುವುದಿಲ್ಲ ಎಂದಿದ್ದ ಹುಡುಗಿ, 1616ರಲ್ಲಿ ಫ್ಲಾರೆನ್ಸಿನ ಕಲಾ ಅಕಾಡೆಮಿಯ ಮೊದಲ ಮಹಿಳಾ ಸದಸ್ಯೆ. 1649ರಲ್ಲಿ ನೇಪಲ್ಸಿನಿಂದ ಸಿಸಿಲಿಯ ಶ್ರೀಮಂತ ಆಂತೋನಿಯೊ ರುಫ್ಫೊಗೆ ಬರೆದ ಕಾಗದಗಳಲ್ಲಿ ಬೆಲೆಗಾಗಿ ಜಗ್ಗಾಡುತ್ತಾಳೆ, ಹೆಂಗಸು ಏನು ಮಾಡಬಲ್ಲಳು ಎಂದು ತೋರಿಸುತ್ತೇನೆ ಎನ್ನುತ್ತಾಳೆ. ಮೊದಲೇ ರೇಖಾಚಿತ್ರ ಕಳಿಸುವುದಿಲ್ಲ ಎಂದೂ ಖಡಾಖಂಡಿತ ಹೇಳುತ್ತಾಳೆ, ಯಾಕೆಂದರೆ ಒಬ್ಬ ಬಿಷಪ್ ಅವಳ ರೇಖಾಚಿತ್ರ ತೆಗೆದುಕೊಂಡು, ದುಡ್ಡು ಉಳಿಸಲು ಅದನ್ನೇ ನೋಡಿ ಬೇರೊಬ್ಬನ ಕೈಲಿ ಚಿತ್ರ ಬರೆಸಿದ್ದ. ನಾನು ಗಂಡಸಾಗಿದ್ದರೆ ಹೀಗೆ ಆಗುತ್ತಿರಲಿಲ್ಲ ಎಂದು ಬರೆದಿದ್ದಾಳೆ.